ಅಜ್ಜಿಗೆ ಜಾಗವಿಲ್ಲದ ಹಲಗೆ

ಮಕ್ಕಳೇ, ಕಾಡಿನ ಅಂಚಿನಲ್ಲೊಂದು ದೊಡ್ಡ ಕೆರೆ. ಅದರ ದಡದ ಬಿಲದಲ್ಲಿ ಕೆಂಚ ಎಂಬ ಮುಂಗುಸಿ ಹುಡುಗ ಅಪ್ಪ ಅಮ್ಮನ ಜೊತೆ ಇದ್ದ. ಅವನ ಅಜ್ಜಿ ಇದ್ದದ್ದು ಕೆರೆಯ ನಡುಗಡ್ಡೆಯಲ್ಲಿ.

ಕೆಂಚನಿಗೆ ಈಚೆಗೆ ಒಬ್ಬ ತಂಗಿ ಹುಟ್ಟಿದ್ದಳು. ಮುಂಗುಸಿ ಮರಿಗಳು ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ. ಮರಿ ಕಣ್ಣು ಬಿಟ್ಟಾಗ ಮೊದಲು ಕಾಣುವ ಮುಖ ಮನೆಯ ಹಿರಿಯರದ್ದಾಗಿರಬೇಕು ಎಂಬುದು ಅವರ ಮನೆಯ ಪದ್ಧತಿ.

"ಸಂಜೆಯೊಳಗೆ ಪಾಪು ಕಣ್ಣು ಬಿಡುತ್ತೆ ಅನ್ಸುತ್ತೆ. ಬೇಗ ಹೋಗಿ ಅಜ್ಜೀನ ಕರ್ಕೊಂಡು ಬಾರೋ," ಎಂದಳು ಅಮ್ಮ.

ಕೆರೆ ದಾಟಲು ಹಲಗೆ ಕೊಡುವವನು ನೀರುನಾಯಿ ದ್ಯಾವಪ್ಪ. ಅವನವು ಬೂರುಗದ ಮರದ ಹಗುರ ಹಲಗೆಗಳು. ಮೇಲೆ ನಿಂತು ಹುಟ್ಟು ಹಾಕುತ್ತಾ ಹೋಗಬೇಕು. ಯಾರೇ ಬರಲಿ, ದ್ಯಾವಪ್ಪ ಮೊದಲು ದಡದ ನೀರಿನಲ್ಲೇ ಹಲಗೆಯ ಮೇಲೆ ನಿಲ್ಲಿಸಿ ಹಿಮ್ಮಡಿ ನೋಡುತ್ತಿದ್ದ. ಹಿಮ್ಮಡಿ ಒದ್ದೆಯಾದರೆ ಆ ಹಲಗೆ ಚಿಕ್ಕದಾಯಿತು ಎಂದರ್ಥ.

ಕೆಂಚನ ಕಣ್ಣು ಬಿದ್ದದ್ದು ಕಿರಿದಾದ, ನುಣ್ಣನೆಯ ಹಲಗೆಯ ಮೇಲೆ. ದಡದಲ್ಲಿ ಬಾತುಕೋಳಿ ಮರಿಗಳು ಬೇರೆ ನೋಡುತ್ತಾ ಕೂತಿದ್ದವು. ನೋಡುವವರಿದ್ದರೆ ಕೆಂಚನಿಗೆ ಜಂಬ ತಲೆಗೇರುತ್ತಿತ್ತು. ನಿಮ್ಮಲ್ಲೂ ಅಂಥವರಿದ್ದಾರೆ, ನಾನು ಹೆಸರು ಹೇಳುವುದಿಲ್ಲ.

"ನೋಡಿ ಮಾಮ, ಹಿಮ್ಮಡಿ ಒಣಗೇ ಇದೆ," ಎಂದ.

"ನಿಂತಿರೋದು ನೀನೊಬ್ಬನೇ. ಬರುವಾಗ ಅಜ್ಜಿ ಇರ್ತಾರಲ್ಲಪ್ಪ. ಆ ಅಗಲದ್ದು ತಗೋ."

"ಅದು ಎಮ್ಮೆ ಥರ ಹೋಗುತ್ತೆ ಮಾಮ. ನಮ್ಮಜ್ಜಿ ಏನು ಮಹಾ ಭಾರ?" ಎಂದವನೇ ಹೊರಟುಬಿಟ್ಟ.

ಹಲಗೆ ಸರ್ರನೆ ಓಡಿತು. ಬಾತುಮರಿಗಳು ರೆಕ್ಕೆ ಬಡಿದವು. ಕೆಂಚನ ಎದೆ ಉಬ್ಬಿತು.

ನಡುಗಡ್ಡೆಯಲ್ಲಿ ಅಜ್ಜಿ ಬೆಳಗಿನಿಂದ ಮೈ ನೆಕ್ಕಿ ಓರಣ ಮಾಡಿಕೊಂಡು ಕಾಯುತ್ತಿದ್ದಳು. "ಬಂದೆಯಾ ಮಗಾ," ಎನ್ನುತ್ತಾ ಹಲಗೆಯ ಮೇಲೆ ಕಾಲಿಟ್ಟಳು. ಹಲಗೆ ಬುಳಕ್ಕನೆ ಮುಳುಗಿತು, ಇಬ್ಬರೂ ನೀರಿಗೆ ಬಿದ್ದರು. ಪುಣ್ಯಕ್ಕೆ ಅಲ್ಲಿ ನೀರು ಆಳವಿರಲಿಲ್ಲ.

ಅಜ್ಜಿ ಗಡಗಡ ನಡುಗುತ್ತಿದ್ದಳು. ಆದರೂ ಬೈಯಲಿಲ್ಲ. "ಹೋಗಿ ದೊಡ್ಡದು ತಗೊಂಡು ಬಾ, ಕಾಯ್ತೀನಿ," ಎಂದಳಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಕೆಂಚನಿಗೆ.

ಅವನು ವಾಪಸ್ ಬಂದು, ತಲೆ ತಗ್ಗಿಸಿ ಅಗಲದ ಹಲಗೆ ಕೇಳಿದ. ದ್ಯಾವಪ್ಪ ಅದನ್ನು ನೀರಿಗೆ ತಳ್ಳಿಕೊಟ್ಟ. ಈ ಸಲ ಕೆಂಚ ಬಾತುಮರಿಗಳ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು.

"ಪಾಪು ಆಗಲೇ ಕಣ್ಣು ಬಿಟ್ಟಳು. ಇಷ್ಟೊತ್ತೂ ನನ್ನನ್ನೇ ನೋಡ್ತಿದ್ದಳು," ಎಂದಳು ಅಮ್ಮ ಮೆಲ್ಲಗೆ.

ಕೆಂಚನಿಗೆ ಅಳು ಒತ್ತರಿಸಿ ಬಂತು. "ನನ್ನಿಂದ ತಪ್ಪಿಹೋಯ್ತು ಅಜ್ಜಿ."

ಅಜ್ಜಿ ಮರಿಯನ್ನು ಹತ್ತಿರಕ್ಕೆಳೆದುಕೊಂಡು ದಿಟ್ಟಿಸಿ ನೋಡಿದಳು. ಆಮೇಲೆ ನಕ್ಕಳು. "ಬಿಟ್ಟಿರೋದು ಒಂದೇ ಕಣ್ಣು ಕಣೋ. ಅದು ನಿಮ್ಮಮ್ಮಂಗೆ ಆಯ್ತು, ಇನ್ನೊಂದು ನಮಗೆ. ಬಾ, ಪಕ್ಕ ಕೂತ್ಕೋ."

"ನಾನ್ಯಾಕೆ ಅಜ್ಜಿ? ದೊಡ್ಡೋಳು ನೀನಲ್ವಾ?"

"ಕರ್ಕೊಂಡು ಬಂದೋನು ನೀನಲ್ವಾ?"

ಇಬ್ಬರೂ ಒದ್ದೆ ಮೈಯಲ್ಲೇ ಒತ್ತಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಮರಿಯ ಇನ್ನೊಂದು ಕಣ್ಣೂ ಮೆಲ್ಲಗೆ ತೆರೆಯಿತು. ಆ ಕಣ್ಣಿಗೆ ಮೊದಲು ಕಂಡದ್ದು ಎರಡು ಮುಖ.

ನೀತಿ: ಹೋಗುವಾಗ ಒಬ್ಬರೇ ಆದರೂ, ಬರುವಾಗ ಜೊತೆಗಿರುವವರನ್ನೂ ನೆನೆದು ಹಲಗೆ ಆರಿಸಬೇಕು.