ಕೂಗುವ ಪೆಟ್ಟಿಗೆ

“ಬುದ್ಧಿ, ಈ ಮೂರರಲ್ಲಿ ಯಾವುದನ್ನು ಆರಿಸಲಿ?” ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮಠದ ಬಾಗಿಲಲ್ಲಿ ವಿಭೂತಿ, ರುದ್ರಾಕ್ಷಿ, ಪುಸ್ತಕ ಮಾರುವ ಪುಟ್ಟ ಅಂಗಡಿ ಅವನ ವಶದಲ್ಲಿತ್ತು. ಬರುವವರೆಲ್ಲ ಈಗ ಫೋನಿನಲ್ಲೇ ಹಣ ಕಳಿಸುತ್ತೇವೆ ಎನ್ನುತ್ತಿದ್ದರು. ಮೂರು ಕಂಪನಿಯವರು ಬಂದು ಹೋಗಿದ್ದರು. ಒಬ್ಬರದು ಬರೀ ಗೋಡೆಗೆ ಅಂಟಿಸುವ ಚೀಟಿ. ಹಣ ಬಂದರೆ ಫೋನಿಗೆ ಸಂದೇಶ ಬರುತ್ತದೆ. ಇನ್ನೊಬ್ಬರದು ಕಾರ್ಡ್ ಉಜ್ಜುವ ಯಂತ್ರ. ಅದಕ್ಕೆ ತಿಂಗಳ ಬಾಡಿಗೆ ಬೇರೆ. ಮೂರನೆಯವರದು, ಬಂದ ಹಣವನ್ನು ಗಟ್ಟಿಯಾಗಿ ಕೂಗಿ ಹೇಳುವ ಪೆಟ್ಟಿಗೆ.

“ನನಗೆ ಕೂಗುವುದೇ ವಾಸಿ ಅನ್ನಿಸುತ್ತದೆ. ಕಳಿಸಿದೆ ಎಂದು ಸುಳ್ಳು ಹೇಳಿ ಹೋಗುವವರು ಅಲ್ಲೇ ಸಿಕ್ಕಿಬೀಳುತ್ತಾರೆ,” ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕಥೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ತಂದೆಯಿಂದ ಬಂದ ಅಂಗಡಿ, ತಂದೆಯಿಂದಲೇ ಬಂದ ಒಂದು ಪದ್ಧತಿ. ಸೀರೆ ಆರಿಸಿದವರನ್ನು ಅವನು ಕೇಳುತ್ತಿದ್ದ, “ಉಡೋದಕ್ಕೋ, ಕೊಡೋದಕ್ಕೋ?” ಕೊಡುವುದಕ್ಕೆ ಎಂದರೆ ಬೆಲೆಯ ಚೀಟಿಯನ್ನು ತಾನೇ ಹರಿದು ತೆಗೆದು, ಆಮೇಲೆ ಮಡಿಸುತ್ತಿದ್ದ. ಕೊಟ್ಟವರ ಅಳತೆ ಪಡೆದವರಿಗೆ ತಿಳಿಯಬಾರದು ಎಂದು ತಂದೆ ಕಲಿಸಿದ್ದರು. ಊರಿನವರು ಇದನ್ನು ಮೆಚ್ಚುತ್ತಿದ್ದರು. ಅವನೂ ತನ್ನನ್ನು ತಾನು ಸಾಕಷ್ಟು ಮೆಚ್ಚಿಕೊಂಡಿದ್ದ.

ಒಮ್ಮೆ ಯಾರೋ ಒಬ್ಬ ಹಣ ಕಳಿಸಿದಂತೆ ಫೋನಿನಲ್ಲಿ ಸುಳ್ಳು ಚಿತ್ರ ತೋರಿಸಿ ರೇಷ್ಮೆ ಸೀರೆ ಎತ್ತಿಕೊಂಡು ಹೋದ. ಅಂದಿನಿಂದ ವ್ಯಾಪಾರಿಗೆ ಗಿರಾಕಿಯ ಮುಖಕ್ಕಿಂತ ಮೊದಲು ಕೈ ಕಾಣಿಸತೊಡಗಿತು. ಇದ್ದ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂಗುವುದನ್ನು ಹುಡುಕಿ ತಂದು ಗಲ್ಲಾದ ಮೇಲೆ ಕೂರಿಸಿದ. ದನಿ ಬೀದಿಗೂ ಕೇಳಿಸುತ್ತಿತ್ತು. ಕೇಳಲಿ ಎಂದುಕೊಂಡ.

ಗೌರಿ ಹಬ್ಬ ಹತ್ತಿರವಾಯಿತು. ಗಾರೆ ಕೆಲಸದವನೊಬ್ಬ ಬೆಳಿಗ್ಗೆ ಒಬ್ಬನೇ ಅಂಗಡಿಗೆ ಬಂದ. ತಂಗಿಯನ್ನು ಅನುಕೂಲಸ್ಥರ ಮನೆಗೆ ಕೊಟ್ಟಿದ್ದ. ಅವಳಿಗೆ ತವರಿನ ಸೀರೆ ಕೊಡಿಸಬೇಕು. ಸಂಜೆ ಅವಳ ಜೊತೆಗೆ ಅತ್ತೆಯೂ ಬರುತ್ತಾರೆ.

“ಸಾವ್ಕಾರ್ರೇ, ನನ್ನ ಕೈಲಾಗೋದು ಐನೂರರ ಒಳಗೆ. ಸಂಜೆ ಕೂಲಿ ಫೋನಿಗೆ ಬೀಳುತ್ತೆ, ಆಗಲೇ ಕಳಿಸ್ತೀನಿ. ಅವರ ಮುಂದೆ ಬೆಲೆ ಮಾತ್ರ ಎತ್ತಬೇಡಿ,” ಎಂದ.

“ಅದನ್ನ ನನಗೆ ಬಿಡು. ನಿನ್ನ ಮಾನ ಬೇರೆ, ನನ್ನ ಮಾನ ಬೇರೆಯಾ?” ಎಂದ ವ್ಯಾಪಾರಿ.

ಸಂಜೆ ಮೂವರೂ ಬಂದರು. ವ್ಯಾಪಾರಿ ಐನೂರರ ಒಳಗಿನ ಸೀರೆಗಳನ್ನೇ, ಮದುವೆ ಸೀರೆ ತೋರಿಸುವ ಠೀವಿಯಲ್ಲಿ ಒಂದೊಂದಾಗಿ ಬಿಡಿಸಿ ಹಾಸಿದ. ತಂಗಿ ಒಮ್ಮೆ ಅಣ್ಣನ ಮುಖ ನೋಡಿ ಹಸಿರು ಸೀರೆಯೊಂದನ್ನು ಮುಟ್ಟಿದಳು. ಅತ್ತೆ ಅದರ ಅಂಚನ್ನು ಬೆರಳಲ್ಲಿ ಉಜ್ಜಿದರು.

“ಪರವಾಗಿಲ್ಲ ಕಣಪ್ಪ, ತಂಗಿ ಅಂದ್ರೆ ಕೈ ಬಿಗಿ ಹಿಡಿಯೋನಲ್ಲ ನೀನು,” ಎಂದರು.

ಅಣ್ಣ ನಕ್ಕ. ವ್ಯಾಪಾರಿ ಚೀಟಿಯನ್ನು ಹರಿದು ಮುಷ್ಟಿಯಲ್ಲಿ ಅಡಗಿಸಿಕೊಂಡ. ಅಣ್ಣ ಫೋನಿಗೆ ಅಂಗೈ ಮರೆಮಾಡಿ ಹಣ ಕಳಿಸಿದ.

ಪೆಟ್ಟಿಗೆ ಕೂಗಿತು. “ನಾನೂರ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ.”

ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ಅತ್ತೆ ಸೀರೆಯಿಂದ ಕೈ ತೆಗೆದರು. “ನಮ್ಮನೆ ಪಾತ್ರೆ ತೊಳೆಯೋಳಿಗೂ ಹಬ್ಬಕ್ಕೆ ಇದಕ್ಕಿಂತ ಮೇಲಿಂದು ಕೊಡ್ತೀವಿ. ಇರಲಿ ಬಿಡು, ತವರಿಂದು.”

“ಬಣ್ಣ ಚೆನ್ನಾಗಿದೆ ಅಣ್ಣ,” ಎಂದಳು ತಂಗಿ, ಸೀರೆ ನೋಡದೆ. ಅಣ್ಣ ವ್ಯಾಪಾರಿಯ ಕಡೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಳಿದದ್ದನ್ನು ಬೆಳಿಗ್ಗೆಯೇ ಮುಂಗಡ ಕೊಟ್ಟಿದ್ದಾರಮ್ಮ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅದು ವ್ಯಾಪಾರಿಗೆ ಹೊಳೆದದ್ದು ಅವರು ಮೆಟ್ಟಿಲಿಳಿದು ಹೋದ ಮೇಲೆ. ಆಗಲೇ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಸಿಕ್ಕಾಗ ನಾಚಿಕೆಯಾಯಿತು. ಪೆಟ್ಟಿಗೆ ಕೂಗಿದ ಗಳಿಗೆಯಲ್ಲಿ ಅವನಿಗೆ ಮೊದಲು ಆದದ್ದು ಸಮಾಧಾನ. ಸದ್ಯ, ದುಡ್ಡು ಬಂತು ಎಂದುಕೊಂಡಿದ್ದ. ಅಣ್ಣನ ಮುಖ ಕಂಡದ್ದು ಆಮೇಲೆ. ಮುಷ್ಟಿ ಬಿಚ್ಚಿ ನೋಡಿದರೆ ಬೆಲೆಯ ಚೀಟಿ ಬೆವರಿಗೆ ಅಂಗೈಗೇ ಅಂಟಿಕೊಂಡಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕಥೆ ಮರುಳಯ್ಯನಿಗೆ ನಾಟಿತು. ಆದರೂ ಮನಸ್ಸು ತಡೆಯಲಿಲ್ಲ.

“ಅದೇನೋ ಸರಿ ಬುದ್ಧಿ. ಆದರೆ ಮೋಸ ಮಾಡುವವರಿಗೆ ಒಂದು ಭಯ ಬೇಡವೇ?”

“ಮೋಸ ಮಾಡುವವನು ಬಂದಾಗ ಆ ಪೆಟ್ಟಿಗೆ ಸುಮ್ಮನಿರುತ್ತದೆ ಮರುಳಯ್ಯ, ಅದು ಕೂಗುವುದು ಕೊಟ್ಟವನ ಮೇಲೆಯೇ.”