ಹೆಗ್ಗಣ ಬಿಲ ಬದಲಿಸಿದ್ದು

ಹೆಗ್ಗಣವೊಂದು ಹಳೆಯ ಬಿಲ ಬಿಟ್ಟು ಕೆರೆ ಏರಿಯ ಹೊಸ ಬಿಲಕ್ಕೆ ಹೊರಟಿತು. ಹೊರಡುವ ಮೊದಲು ಅಂಚೆ ಹಂಚುವ ಕಾಗೆಯನ್ನು ಕರೆದು, "ನನಗೆ ಬರುವ ಕಾಗದಗಳನ್ನು ಇನ್ನು ಮೇಲೆ ಏರಿಗೇ ತಂದುಕೊಡಿ" ಎಂದಿತು.

"ಮಳೆಗಾಲ ಮುಗಿಯುವ ತನಕ ತರುತ್ತೇನೆ. ನಿಯಮ ಇರುವುದೇ ಅಷ್ಟು. ಅಷ್ಟರೊಳಗೆ ಹೊಸ ವಿಳಾಸವನ್ನು ನಿಮ್ಮವರಿಗೆಲ್ಲ ನೀವೇ ತಿಳಿಸಿಬಿಡಿ" ಎಂದಿತು ಕಾಗೆ.

ಮಳೆಗಾಲವಿಡೀ ಒಂದು ಕಾಗದವೂ ತಪ್ಪಲಿಲ್ಲ. ಹೇಗೂ ಬರುತ್ತಿದೆಯಲ್ಲ ಎಂದು ಹೆಗ್ಗಣ ಯಾರಿಗೂ ವಿಳಾಸ ತಿಳಿಸಲಿಲ್ಲ. ಮಳೆಗಾಲ ಮುಗಿಯಿತು, ಕಾಗದಗಳೂ ನಿಂತವು.

ಚಳಿಗಾಲದಲ್ಲಿ ಒಂದು ದಿನ ಏರಿಯ ಮರದ ಮೇಲೆ ಕಾಗೆ ಕೂತಿದ್ದನ್ನು ಕಂಡು ಹೆಗ್ಗಣ ಕೇಳಿತು: "ನನ್ನ ಅಕ್ಕ ತಪ್ಪದೆ ಬರೆಯುವವಳು. ಅವಳ ಕಾಗದ ಎಲ್ಲಿ?"

"ಹಳೆಯ ಬಿಲಕ್ಕೆ ಬಂದಿತ್ತು. ಇವರು ಇಲ್ಲಿ ಇಲ್ಲ ಎಂದು ಬರೆದು ಹಿಂದಕ್ಕೆ ಕಳಿಸಿದೆ. ಆಮೇಲೆ ಬಂದದ್ದನ್ನೂ ಹಾಗೆಯೇ ಕಳಿಸಿದೆ."

"ನಾನು ಎಲ್ಲಿದ್ದೇನೆಂದು ನಿಮಗೆ ಗೊತ್ತಿತ್ತಲ್ಲ?"

"ನನಗೆ ಗೊತ್ತಿತ್ತು. ನಿಮ್ಮ ಅಕ್ಕನಿಗೆ ಗೊತ್ತಿರಲಿಲ್ಲ. ನೀವು ತೀರಿಕೊಂಡಿರೆಂದೇ ತಿಳಿದು ಅವರು ಬಹಳ ಅತ್ತರು."

"ಹಾಗೆಂದು ನಿಮಗೆ ಯಾರು ಹೇಳಿದರು?"

ಕಾಗೆ ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡಿತು. "ನಿನ್ನೆ ನಿಮ್ಮ ಹೆಸರಿನಲ್ಲಿ ಪಿಂಡ ಇಟ್ಟು ಕಾಗೆಗಳನ್ನು ಕರೆದರು. ಮೊದಲು ಹೋಗಿ ತಿಂದವನು ನಾನೇ. ತಮ್ಮನಿಗೆ ಯಾವ ಆಸೆಯೂ ಉಳಿದಿರಲಿಲ್ಲವೆಂದು ನಿಮ್ಮ ಅಕ್ಕ ಸಮಾಧಾನ ಮಾಡಿಕೊಂಡರು."