ಹುಣಿಸೇಮರದ ಹತ್ತಿರ ಹೊಳೆ ಹಾಯುವುದು

ಮುರುಗಯ್ಯನವರು ಓದಿ ಬೆಳೆದ ಗುರುಮನೆ ಹೊಳೆಯ ಆಚೆ ಇತ್ತು. ಒಂದು ಬೆಳಿಗ್ಗೆ ಆ ದಡದಿಂದ ಯಾರೋ ಕೂಗಿ ಹೇಳಿದರು: "ಗೌರಮ್ಮನವರು ಹಾಸಿಗೆ ಹಿಡಿದಿದ್ದಾರೆ. ನಿಮ್ಮನ್ನೇ ಕೇಳುತ್ತಿದ್ದಾರೆ!"

ಗೌರಮ್ಮ ಮುರುಗಯ್ಯನವರ ಗುರುಗಳ ಹೆಂಡತಿ. ಹುಡುಗ ಮುರುಗಯ್ಯ ಪಾಠ ತಪ್ಪಿ ಬೈಸಿಕೊಂಡ ದಿನವೆಲ್ಲ ಅವನ ಅನ್ನಕ್ಕೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಬಿಟ್ಟ ತಾಯಿ. ಈಗ ತಾವೇ ಮುದುಕ ಗುರುಗಳಾಗಿದ್ದ ಮುರುಗಯ್ಯನವರ ಕಣ್ಣು ತುಂಬಿತು.

ದೋಣಿಯಿರಲಿಲ್ಲ. "ಶಿವರುದ್ರ, ಎಲ್ಲಿ ಹಾಯಬಹುದು, ವಿಚಾರಿಸಿಕೊಂಡು ಬಾರಪ್ಪ" ಅಂದರು.

ಶಿಷ್ಯ ಊರು ಸುತ್ತಿ ಓಡೋಡಿ ಬಂದ. "ಹುಣಿಸೇಮರದ ಹತ್ತಿರ, ಬುದ್ಧಿ! ಮೊಣಕಾಲುದ್ದ ನೀರಂತೆ. ಊರಿಗೆ ಊರೇ ಹೇಳಿತು. ಏಳಿ, ಹೊರಡೋಣ."

"ಹೇಳಿದವರಲ್ಲಿ ಹಾಯ್ದವರು ಯಾರು?"

ಶಿವರುದ್ರ ತಲೆ ಕೆರೆದುಕೊಂಡ. "ಅದನ್ನು ಕೇಳಲಿಲ್ಲ."

"ಕೇಳು ಹೋಗು."

"ಅಯ್ಯೋ, ಅಷ್ಟರಲ್ಲಿ ಅಮ್ಮನವರಿಗೆ ಏನಾದರೂ ಆದರೆ?"

"ನಾನು ಮುಳುಗಿದೆ ಅಂತ ಕೇಳಿ ಅಮ್ಮನಿಗೇನು ಸುಖ? ಹೋಗು."

ಶಿವರುದ್ರ ಗೊಣಗುತ್ತಾ ಹೋದ. ಪಟೇಲರಿಗೆ ಹೇಳಿದ್ದು ಪೂಜಾರಿ. ಪೂಜಾರಿಗೆ ಹೇಳಿದ್ದು ಗಾಣದ ಬಸಣ್ಣ. ಬಸಣ್ಣ ನಕ್ಕ. "ನನಗಾ? ನಿಮ್ಮ ಗುರುಗಳೇ ಹೇಳಿದ್ದು ಕಣಯ್ಯ, ನಾನಿನ್ನೂ ಲಂಗೋಟಿ ಕಟ್ಟುತ್ತಿದ್ದಾಗ!"

ಶಿವರುದ್ರನಿಗೆ ಸಿಟ್ಟೂ ಬಂತು, ನಗುವೂ ಬಂತು. ಗುರುಗಳ ಹತ್ತಿರ ವಾಪಸು ಬಂದ. "ಹೇಳಿದವರು ನೀವೇ, ಬುದ್ಧಿ! ನನ್ನನ್ನು ಸುಮ್ಮನೆ ಅಲೆಸಿದಿರಲ್ಲ."

"ಹೌದಲ್ಲ!" ಗುರುಗಳ ಮುಖ ಅರಳಿತು. "ಆಗ ಆ ಮರ ನನ್ನಷ್ಟೇ ಎತ್ತರ. ಪುಸ್ತಕದ ಗಂಟು ತಲೆ ಮೇಲಿಟ್ಟುಕೊಂಡು ದಿನಾ ಅಲ್ಲೇ ಹಾಯುತ್ತಿದ್ದೆ. ಆಚೆ ಅಮ್ಮ ಕಾಯುತ್ತಾ ನಿಂತಿರುತ್ತಿದ್ದರು."

"ಮತ್ತೇನು ಅನುಮಾನ? ನಿಮ್ಮ ಮಾತಿಗಿಂತ ಗಟ್ಟಿ ಯಾವುದಿದೆ?"

ಗುರುಗಳು ಮೂಲೆಯಲ್ಲಿದ್ದ ಬಿದಿರಿನ ಗಳುವನ್ನು ಅವನ ಕೈಗೆ ಕೊಟ್ಟರು.

ಹುಣಿಸೇಮರದ ಹತ್ತಿರ ಶಿವರುದ್ರ ಗಳು ಇಳಿಬಿಟ್ಟ. ಅದು ಪೂರ್ತಿ ಮುಳುಗಿತು, ತಳ ಸಿಗಲಿಲ್ಲ. ದಡದುದ್ದಕ್ಕೂ ಗಳು ಹಾಕುತ್ತಾ ಮೇಲಕ್ಕೆ ಹೋದರು. ಅಲ್ಲೊಂದು ಹೆಬ್ಬಂಡೆಯ ಆಚೆ ಮರಳು ಸಿಕ್ಕಿತು, ಸೊಂಟದುದ್ದ ನೀರು. ಹಾಯ್ದರು.

ಗೌರಮ್ಮ ಕಣ್ಣು ಬಿಟ್ಟರು. "ಬಂದೆಯಾ ಮುರುಗ? ಊಟ ಆಯ್ತೇನೋ?"

ಗುರುಗಳು ಮಗುವಿನ ಹಾಗೆ ಅತ್ತರು.

ಸಂಜೆ ಅದೇ ಮರಳಿನ ಮೇಲೆ ವಾಪಸು ಬರುವಾಗ ಶಿವರುದ್ರ ಉಬ್ಬಿಹೋಗಿದ್ದ. "ಹೆಬ್ಬಂಡೆಯ ಹತ್ತಿರ ಹಾಯಿರಿ ಅಂತ ಊರಿಗೆಲ್ಲ ಹೇಳಿಬಿಡುತ್ತೇನೆ, ಬುದ್ಧಿ."

"ಹೇಳು ಮಗ. ನೀನು ಯಾವತ್ತು ಹಾಯ್ದೆ ಅನ್ನುವುದನ್ನೂ ಹೇಳು."